ಕಪ್ ನಮ್ದೇ ಸರಿ, ಹೊರಗೆ ನಿಂತವನು ಯಾರವನು?

ಒಬ್ಬ ಹುಡುಗನನ್ನು ಒಂಬತ್ತು ವರ್ಷ ಹೊರಗೆ ನಿಲ್ಲಿಸಿದ ಕತೆ ಇದು. ನಿಲ್ಲಿಸಿದವರು ಊರಗೌಡರಲ್ಲ, ಗುಡಿಯ ಪೂಜಾರಿಯಲ್ಲ. ನಾವೇ, ನಮ್ಮ ಕೇರಿಯ ಹುಡುಗರು. ನಾನೂ ಅವರಲ್ಲೊಬ್ಬ. ಈ ಬರಹದಲ್ಲಿ ಯಾರಿಗಾದರೂ ಬೈಗುಳ ಇದ್ದರೆ ಅದರಲ್ಲಿ ಮೊದಲ ಪಾಲು ನನ್ನದು ಅಂತ ತಿಳಿದುಕೊಂಡೇ ಓದಿ, ಗೆಳೆಯರೇ.

ಬಸರಾಳು ಅಂದರೆ ಹೊರಗಿನವರಿಗೆ ನೆನಪಾಗೋದು 1234ರ ಸುಮಾರಿಗೆ ಹರಿಹರ ದಣ್ಣಾಯಕ ಕಟ್ಟಿಸಿದ ಮಲ್ಲಿಕಾರ್ಜುನ ಗುಡಿ. ನಮಗೆ, ಕೇರಿಯ ಹುಡುಗರಿಗೆ, ಏಪ್ರಿಲ್ ಮೇ ತಿಂಗಳಲ್ಲಿ ಇನ್ನೊಂದು ಗುಡಿ ಇರುತ್ತಿತ್ತು. ಒಬ್ಬರ ಮನೆಯ ನಡುಮನೆಯಲ್ಲಿದ್ದ ಟೀವಿ.

2016ರ ಮೇ 29, ಭಾನುವಾರ. ನಾನಾಗ ಪಿಯುಸಿ ಮೊದಲನೇ ವರ್ಷ ಮುಗಿಸಿ ಊರಿಗೆ ಬಂದಿದ್ದೆ. ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಐಪಿಎಲ್ ಫೈನಲ್. ಹೈದರಾಬಾದಿನವರು 208 ಹೊಡೆದಿದ್ದರು. ನಮ್ಮ ಆರ್‌ಸಿಬಿ ಹತ್ತು ಓವರ್ ದಾಟಿದರೂ ಒಂದು ವಿಕೆಟ್ಟೂ ಹೋಗಿರಲಿಲ್ಲ. ರನ್ನು 114. ಗೇಲ್ ಒಬ್ಬನದೇ 76. ನಡುಮನೆಯಲ್ಲಿ ಇಪ್ಪತ್ತು ಇಪ್ಪತ್ತೈದು ಜನ, ಯಾರೂ ಕೂತ ಜಾಗ ಬಿಟ್ಟು ಅಲ್ಲಾಡಿರಲಿಲ್ಲ. ಉಚ್ಚೆ ತಡ್ಕೊಂಡು ಕೂತವರೂ ಇದ್ದರು. ಎದ್ದರೆ ವಿಕೆಟ್ ಬೀಳುತ್ತಲ್ಲ!

ಆಗ ಅವನು ಬಂದ. ಆಲೆಮನೆ ಕೆಲಸ ಮುಗಿಸಿ, ಕೈಗೆ ಮೆತ್ತಿದ್ದ ಬೆಲ್ಲದ ಅಂಟನ್ನೂ ತೊಳೆಯದೆ ಓಡಿ ಬಂದಿದ್ದ. ಹೊಸಿಲು ದಾಟಿ ಒಳಗೆ ಕಾಲಿಟ್ಟ. ಗೇಲ್ ಔಟಾದ.

"ಬಂದ್ನಲ್ಲಪ್ಪ, ಓಯ್ತು!" ಅಂದ ಒಬ್ಬ. "ಇವನ ಕಾಲ್ಗುಣವೇ ಅಂಗೆ ಕಣ್ಲಾ" ಅಂದ ಇನ್ನೊಬ್ಬ. "ಆಚಿಕ್ ಓಗ್ಲಾ, ಮ್ಯಾಚ್ ಮುಗಿಯೋಗಂಟ ಒಳಕ್ಕೆ ಬರಬೇಡ" ಅಂದವನು ನಾನು. ಎಲ್ಲರೂ ನಕ್ಕರು. ಅವನೂ ನಕ್ಕ. ನಗುತ್ತಲೇ ಹೊರಗೆ ಹೋಗಿ ಜಗುಲಿ ಕೆಳಗೆ ನಿಂತ.

ಆವತ್ತು ನಾವು ಎಂಟು ರನ್ನಿನಿಂದ ಸೋತೆವು. ಅಲ್ಲಿಂದ ಮುಂದೆ ಅವನಿಗೆ ಆ ಹೆಸರು ಅಂಟಿಕೊಂಡಿತು. ಪ್ರತಿ ವರ್ಷ, ಪ್ರತಿ ಮುಖ್ಯ ಮ್ಯಾಚಿಗೆ, ಅವನ ಜಾಗ ಹೊರಗೆ.

*

ಈ ಕತೆ ಹೇಳಿದ ಕೂಡಲೇ ನಮ್ಮ ಚಳವಳಿಯ ಹಿರಿಯಣ್ಣನೊಬ್ಬರು ಅಂದರು: "ಅದಕ್ಕೇ ಕಣಯ್ಯ ಹೇಳೋದು, ಈ ಕ್ರಿಕೆಟ್ ಹುಚ್ಚು ಬಿಡಿ ಅಂತ. ಹೆಂಡದ ಕಂಪನಿ ಧಣಿ 2008ರಲ್ಲಿ ಹರಾಜಿನಲ್ಲಿ ಕೊಂಡ ತಂಡ ಅದು. ವಿಸ್ಕಿಯ ಹೆಸರನ್ನೇ ಅದಕ್ಕೆ ಇಟ್ಟರು. ಅದು ನಿಮ್ದು ಹೆಂಗಾಯ್ತು? ನಿಂಬೆಹಣ್ಣು, ವಿಭೂತಿ, ಹರಕೆ, ಎಲ್ಲಾ ಮೌಢ್ಯ."

ಅಣ್ಣನ ಮಾತಿನಲ್ಲಿ ಅರ್ಧ ನಿಜ ಇದೆ. ಉಳಿದರ್ಧಕ್ಕೆ ನನ್ನ ತಕರಾರಿದೆ.

ನಮ್ಮ ಹಾಸ್ಟೆಲುಗಳನ್ನೇ ನೋಡಿ. ಮಳವಳ್ಳಿಯವನು, ಮದ್ದೂರಿನವನು, ನಾಗಮಂಗಲದವನು, ಕೆ.ಆರ್. ಪೇಟೆಯವನು. ಮೊದಲ ತಿಂಗಳು ಒಬ್ಬರ ಮುಖ ಒಬ್ಬರು ನೋಡೋಲ್ಲ. ತಟ್ಟೆ ಹಿಡಿದು ಸಾಲಲ್ಲಿ ನಿಂತಾಗಲೂ ಮಾತಿಲ್ಲ. ಅದೇ ಹುಡುಗರು ಒಂದು ಮ್ಯಾಚಿನ ದಿನ ಒಂದೇ ಮೊಬೈಲಿನ ಸುತ್ತ ಹತ್ತು ತಲೆ ಸೇರಿಸಿ ಕೂತರೆ, ರಾತ್ರಿ ಹನ್ನೊಂದರ ಹೊತ್ತಿಗೆ ಅಣ್ಣತಮ್ಮಂದಿರು. ಒಬ್ಬ ಒಗೆಯದ ಕೆಂಪು ಜೆರ್ಸಿ ಹಾಕಲೇಬೇಕು. ಒಬ್ಬ ಕಿಟಕಿ ಪಕ್ಕದ ಮಂಚ ಬಿಡಬಾರದು. ಒಬ್ಬ ಕೊಹ್ಲಿ ಆಡುವಾಗ ಸ್ಕ್ರೀನು ನೋಡಬಾರದು, ಬೆನ್ನು ತಿರುಗಿಸಿ ಕೂತು ಉಳಿದವರ ಮುಖ ನೋಡಬೇಕು. ಇನ್ನೊಬ್ಬ ಕಪ್ ಗೆದ್ದರೆ ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡು ಬತ್ತೀನಿ ಅಂತ ಹರಕೆ ಹೊತ್ತಿರುತ್ತಾನೆ.

ಇದು ಹುಚ್ಚೇ. ಆದರೆ ಈ ಹುಚ್ಚಿಗೆ ಒಂದು ಕೆಲಸವಿದೆ. ಬಿ.ಎ.ಯಲ್ಲಿ ಸಮಾಜಶಾಸ್ತ್ರ ಓದಿದವರಿಗೆ ಮಲಿನೋವ್ಸ್ಕಿ ಗೊತ್ತಿರುತ್ತಾನೆ. ನೂರು ವರ್ಷದ ಹಿಂದೆ ಟ್ರೋಬ್ರಿಯಾಂಡ್ ದ್ವೀಪದ ಬೆಸ್ತರ ಜೊತೆ ಇದ್ದು ಅವನು ಕಂಡದ್ದು ಇಷ್ಟು. ಹತ್ತಿರದ ಶಾಂತ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಅವರು ಮಂತ್ರ ತಂತ್ರ ಮಾಡುತ್ತಿರಲಿಲ್ಲ. ಪ್ರಾಣಾಪಾಯದ ನಡುಗಡಲಿಗೆ ಹೊರಟಾಗ ಮಾತ್ರ ಮಾಡುತ್ತಿದ್ದರು. ಎಲ್ಲಿ ನಮ್ಮ ಕೈ ನಡೆಯುತ್ತೋ ಅಲ್ಲಿ ಮಂತ್ರ ಬೇಡ. ಎಲ್ಲಿ ನಡೆಯೋಲ್ಲವೋ ಅಲ್ಲಿ ಮನುಷ್ಯ ಏನಾದರೊಂದನ್ನು ಹಿಡಿದುಕೊಳ್ಳುತ್ತಾನೆ. ಟೀವಿ ಮುಂದೆ ಕೂತವನ ಕೈ ಎಲ್ಲಿ ನಡೆಯುತ್ತೆ? ಬ್ಯಾಟು ಯಾರದೋ ಕೈಯಲ್ಲಿ, ಮೈದಾನ ನೂರು ಮೈಲಿ ಆಚೆ. ಒಗೆಯದ ಅಂಗಿ ಅವನಿಗೆ ಒಂದು ಕೆಲಸ ಕೊಡುತ್ತೆ. ನಾನೂ ಆಡ್ತಿದ್ದೀನಿ ಅನ್ನಿಸುತ್ತೆ. ಹತ್ತು ಜನ ಸೇರಿ ಹಾಗೆ ಅಂದುಕೊಂಡಾಗ ಅಲ್ಲೊಂದು "ನಾವು" ಹುಟ್ಟುತ್ತೆ. "ಈ ಸಲ ಕಪ್ ನಮ್ದೇ" ಅನ್ನೋ ಮಾತಿನಲ್ಲಿ ಕಪ್ಪಿಗಿಂತ ದೊಡ್ಡದು ಆ "ನಮ್ದೇ".

ಇನ್ನೊಂದು ಮಾತು. ಈ ಆಚಾರಗಳಿಗೆ ಪುರೋಹಿತ ಬೇಡ, ದಕ್ಷಿಣೆ ಬೇಡ, ಮಡಿ ಬೇಡ. ಬದಲಿಗೆ ಮುಟ್ಟಬೇಕು. ತೋಳಿಗೆ ತೋಳು ಹಾಕಿ ಕೂರಬೇಕು. ನಮ್ಮೂರ ಕಡೆ ಕಬಡ್ಡಿ ಆಡುವಾಗ ಅಂಕಣಕ್ಕೆ ಇಳಿಯೋ ಮುಂಚೆ ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಳ್ತೀವಿ. ಒಳಗೆ ಹೋದಮೇಲೆ ಮುಟ್ಟದೆ ಆಟವೇ ಇಲ್ಲ. ಮುಟ್ಟಬಾರದು ಅಂತ ಸಾವಿರ ವರ್ಷ ಹೇಳಿಸಿಕೊಂಡ ಮಂದಿಗೆ ಇದು ಸಣ್ಣ ವಿಷಯ ಅಲ್ಲ. ಅಣ್ಣ ಮೌಢ್ಯ ಅಂತ ಒಂದೇ ಮಾತಲ್ಲಿ ತಳ್ಳಿದ್ದಕ್ಕೆ ನನ್ನ ತಕರಾರು ಇದೇ.

*

ಹಾಗಾದರೆ ತಪ್ಪಾದದ್ದೆಲ್ಲಿ? ಎರಡು ಥರದ ನಂಬಿಕೆ ಇವೆ. ನನಗೆ ನಾನೇ ಹಾಕಿಕೊಳ್ಳೋದು ಒಂದು. ಇನ್ನೊಬ್ಬನ ಮೇಲೆ ಹೊರಿಸೋದು ಇನ್ನೊಂದು. ನಾನು ಜಾಗ ಬಿಟ್ಟು ಏಳೋಲ್ಲ ಅನ್ನೋದು ಮೊದಲನೆಯದು. ನೀನು ಒಳಗೆ ಬರಬೇಡ ಅನ್ನೋದು ಎರಡನೆಯದು. ಮೊದಲನೆಯದರಲ್ಲಿ ಕಷ್ಟ ನನ್ನದು. ಎರಡನೆಯದರಲ್ಲಿ ಕಷ್ಟ ಅವನದು, ನಗು ನನ್ನದು.

ನಡುಮನೆಯಲ್ಲಿ ಆವತ್ತು ಇಪ್ಪತ್ತೈದು ಜನ ಇದ್ದೆವು. ಆ ಹೊತ್ತಿಗೇ ಒಬ್ಬ ಕೆಮ್ಮಿದ್ದ, ಇನ್ನೊಬ್ಬ ಕಾಲು ಚಾಚಿದ್ದ. ಅವರನ್ನು ಯಾರೂ ಕೇಳಲಿಲ್ಲ. ಕಾಲ್ಗುಣದ ಮಾತು ಬಂದದ್ದು ಅವನ ಮೇಲೆ. ಯಾಕೆ? ಅವನು ಹುಟ್ಟಿದ ತಿಂಗಳಿಗೇ ಅವರಪ್ಪ ತೀರಿಕೊಂಡಿದ್ದರು. "ಅಪ್ಪನ್ನ ತಿನ್ಕೊಂಡು ಹುಟ್ದೋನು" ಅನ್ನೋ ಮಾತು ಕೇರಿಯಲ್ಲಿ ಮೊದಲೇ ಇತ್ತು. ಅವರವ್ವನಿಗೂ ಮದುವೆ ಕೆಲಸಕ್ಕೆ ಮುಂದೆ ಬರಬೇಡ ಅನ್ನುತ್ತಿದ್ದರು. ನಾವು ಹೊಸದೇನೂ ಕಂಡುಹಿಡಿಯಲಿಲ್ಲ. ಮೊದಲೇ ಸಿದ್ಧವಾಗಿದ್ದ ಪಟ್ಟವನ್ನು ತೆಗೆದು ಅವನ ತಲೆ ಮೇಲಿಟ್ಟೆವು. ಊರು ನಮಗೆ ಮಾಡಿದ್ದನ್ನು ನಾವು ನಮ್ಮಲ್ಲೇ ಎಲ್ಲರಿಗಿಂತ ಬಡವನಾದವನಿಗೆ ಮಾಡಿದೆವು. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದದ್ದನ್ನು ಪರೀಕ್ಷೆಗೆ ಬರೆದು ನಂಬರು ತಗೊಂಡವನು ನಾನು. ಮನೆಯೊಳಗೆ ಅದು ಕಾಣಿಸಲಿಲ್ಲ.

ನಮ್ಮ ಅಕ್ಕತಂಗಿಯರನ್ನು ತಿಂಗಳಿಗೆ ಮೂರು ದಿನ "ಹೊರಗೆ" ಕೂರಿಸುವ ಮನೆಗಳು ಇನ್ನೂ ಇವೆ. ಹೊಸದಾಗಿ ಬಂದ ಸೊಸೆಯ ಕಾಲ್ಗುಣದಿಂದ ಎಮ್ಮೆ ಸತ್ತಿತು ಅನ್ನುವವರಿದ್ದಾರೆ. ಹೊರಗೆ ಅನ್ನೋ ಮಾತು ಎಲ್ಲೆಲ್ಲಿ ಕೇಳುತ್ತೋ ಅಲ್ಲೆಲ್ಲ ಅದು ಒಂದೇ ಹಳೇ ಮಾತು.

ಇದು ನಮ್ಮ ಕೇರಿಯದು ಮಾತ್ರ ಅಂದುಕೊಳ್ಳಬೇಡಿ. ಬ್ರೆಜಿಲ್ ದೇಶದಲ್ಲಿ 1950ರ ಜುಲೈ 16ರಂದು ಫುಟ್‌ಬಾಲ್ ವಿಶ್ವಕಪ್ಪಿನ ಕೊನೆಯ ಪಂದ್ಯ. ಉರುಗ್ವೆಯವರು 2-1ರಿಂದ ಗೆದ್ದರು. ತಂಡದಲ್ಲಿ ಹನ್ನೊಂದು ಜನ ಇದ್ದರು, ತಪ್ಪು ಹೊರಿಸಿದ್ದು ಮುಖ್ಯವಾಗಿ ಮೂವರ ಮೇಲೆ, ಮೂವರೂ ಕರಿಯರು. ಗೋಲ್‌ಕೀಪರ್ ಬಾರ್ಬೋಸಾ ಮೇಲೆ ಎಲ್ಲಕ್ಕಿಂತ ಹೆಚ್ಚು. ಆ ದಿನ ತೊಟ್ಟಿದ್ದ ಬಿಳಿ ಅಂಗಿ ಅಪಶಕುನ ಅಂತ ಬಿಟ್ಟು ಹಳದಿ ಅಂಗಿಗೆ ಬದಲಾದರು. ಅಂಗಿ ಬದಲಾಯಿಸಬಹುದು, ಚರ್ಮ ಬದಲಾಯಿಸೋಕಾಗುತ್ತಾ? ನಲವತ್ತಮೂರು ವರ್ಷ ಕಳೆದಮೇಲೆ, 1993ರಲ್ಲಿ, ಮುದುಕನಾದ ಬಾರ್ಬೋಸಾ ಬ್ರೆಜಿಲ್ ತಂಡದ ಶಿಬಿರಕ್ಕೆ ಆಟಗಾರರನ್ನು ಕಾಣಲು ಹೋದ. ಇವನು ಬಂದರೆ ಅನಿಷ್ಟ ಅಂತ ಅವನನ್ನು ಒಳಗೆ ಬಿಡಲಿಲ್ಲ. ನಮ್ಮ ದೇಶದಲ್ಲಿ ಅತಿ ದೊಡ್ಡ ಶಿಕ್ಷೆಯೇ ಮೂವತ್ತು ವರ್ಷ, ನಾನು ಅದಕ್ಕೂ ಮೀರಿ ಅನುಭವಿಸಿದೆ ಎಂಬರ್ಥದ ಮಾತು ಹೇಳಿ ಅವನು 2000ದಲ್ಲಿ ಸತ್ತ.

ನಮ್ಮ ದೇಶದ್ದೇ ಬೇಕೇ? 2021ರ ಟೋಕಿಯೋ ಒಲಿಂಪಿಕ್ಸ್. ದಕ್ಷಿಣ ಆಫ್ರಿಕಾದ ಮೇಲೆ ಮೂರು ಗೋಲು ಹೊಡೆದು, ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಮಾಡಿದ ಭಾರತದ ಮೊದಲ ಹೆಣ್ಣುಮಗಳಾದವಳು ವಂದನಾ ಕಟಾರಿಯಾ. ಅವಳು ದಲಿತಳು. ಆಗಸ್ಟ್ 4ರಂದು ಸೆಮಿಫೈನಲ್‌ನಲ್ಲಿ ತಂಡ ಅರ್ಜೆಂಟೀನಾಕ್ಕೆ ಸೋತಿತು. ಹರಿದ್ವಾರದ ಹತ್ತಿರ ಅವಳ ಮನೆ ಮುಂದೆ ಮೇಲ್ಜಾತಿಯ ಕೆಲವರು ಬಂದು ಪಟಾಕಿ ಹೊಡೆದು ಕುಣಿದರು, ತಂಡದಲ್ಲಿ ದಲಿತರು ಜಾಸ್ತಿ ಇದ್ದದ್ದಕ್ಕೇ ಸೋತದ್ದು ಅಂದರು ಅಂತ ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ಗೆದ್ದಾಗ ದೇಶದ ಮಗಳು. ಸೋತಾಗ ಕೇರಿಯ ಮಗಳು.

*

ಕಪ್ ಅಂದಮೇಲೆ ಇನ್ನೊಂದು ಕಪ್ಪಿನ ಕತೆಯನ್ನೂ ನೀವು ಕೇಳಬೇಕು. ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಲೂ ಚಮ್ಮಾರರ ಹುಡುಗ. ಪುಣೆಯಲ್ಲಿ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯೋ ಕೆಲಸ, ತಿಂಗಳಿಗೆ ಮೂರು ರೂಪಾಯಿ. ಆಮೇಲೆ ಬಿಳಿಯರ ಕ್ಲಬ್ಬಿಗೆ ಬಂದು ನಾಲ್ಕು ರೂಪಾಯಿ. ಅಲ್ಲಿ ಸಾಹೇಬರಿಗೆ ಗಂಟೆಗಟ್ಟಲೆ ಬೌಲಿಂಗ್ ಮಾಡಿ ಮಾಡಿ ಎಡಗೈ ಸ್ಪಿನ್ನು ಪಳಗಿತು. ಅವನಿಲ್ಲದೆ ಗೆಲ್ಲೋಕಾಗಲ್ಲ ಅಂತ ಗೊತ್ತಾದಾಗ ಹಿಂದೂಗಳು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟಿದರು. ಟೀ ಹೊತ್ತಿಗೆ ಉಳಿದವರಿಗೆ ಪೆವಿಲಿಯನ್ನಿನ ಒಳಗೆ ಪಿಂಗಾಣಿ ಕಪ್ಪು, ಬಾಲೂಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆ.

1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ ಬಾಲೂ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ. ಆದರೂ ಹಿಂದೂ ತಂಡದ ನಾಯಕತ್ವದ ಪಟ್ಟ ಅವನಿಗೆ ಕೊಡಲಿಲ್ಲ. ಜಗಳ ಆಯಿತು, ಅವನ ತಮ್ಮಂದಿರು ತಂಡ ಬಿಟ್ಟು ಪ್ರತಿಭಟಿಸಿದರು. ಕೊನೆಗೆ 1923ರಲ್ಲಿ ತಮ್ಮ ವಿಠಲ ನಾಯಕನಾದ.

ನಮ್ಮಜ್ಜ ಹೋಟ್ಲಿನ ಹೊರಗೆ ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದವರು. ನಮ್ಮಪ್ಪ ಬೇರೆ ಇಟ್ಟ ಗಾಜಿನ ಲೋಟ ತಾವೇ ತೊಳೆದಿಟ್ಟು ಬಂದವರು. ನಾನು ಪೇಪರ್ ಕಪ್ಪಿನಲ್ಲಿ ಕುಡೀತೀನಿ. ಅದನ್ನು ಎಲ್ಲರೂ ಬಿಸಾಡುತ್ತಾರೆ, ಹಾಗಾಗಿ ಯಾರ ಲೋಟ ಯಾರು ತೊಳೆಯಬೇಕು ಅನ್ನೋ ಪ್ರಶ್ನೆಯೇ ಬರೋಲ್ಲ. ಪ್ರಶ್ನೆ ಬರದಿದ್ದರೆ ಉತ್ತರ ಸಿಕ್ಕಿತು ಅಂತಲ್ಲ. ಮ್ಯಾಚ್ ದಿನ ಅದೇ ಹೋಟ್ಲು ಮುಂದೆ ಊರವನೂ ಕೇರಿಯವನೂ ಹೆಗಲ ಮೇಲೆ ಕೈ ಹಾಕಿ "ಕಪ್ ನಮ್ದೇ" ಅಂತ ಕೂಗೋದನ್ನ ನಾನು ಕಂಡಿದ್ದೀನಿ. ಆ ಕೈ ಮಾರನೇ ದಿನ ಬೆಳಿಗ್ಗೆ ಹೆಗಲ ಮೇಲೇ ಇರುತ್ತಾ? ಅದನ್ನು ನೋಡಬೇಕು. ಅದೇ ನಿಜವಾದ ಫೈನಲ್ಲು.

*

ಈಗ 2025ಕ್ಕೆ ಬರ್ತೀನಿ. ಜೂನ್ 3, ಮಂಗಳವಾರ. ಅಹಮದಾಬಾದಿನಲ್ಲಿ ಪಂಜಾಬಿನ ಮೇಲೆ ಫೈನಲ್. ಹದಿನೆಂಟನೇ ವರ್ಷ, ಕೊಹ್ಲಿ ಅಂಗಿಯ ನಂಬರು ಹದಿನೆಂಟು, ತಾರೀಖಿನ ಅಂಕಿಗಳನ್ನೆಲ್ಲ ಕೂಡಿದರೂ ಹದಿನೆಂಟು ಅಂತ ಲೆಕ್ಕ ಹಾಕಿದವರಿಗೆ ಬರವಿರಲಿಲ್ಲ. ಅದೇ ವರ್ಷ ಕುಂಭಮೇಳದಲ್ಲಿ ಒಬ್ಬ ಅಭಿಮಾನಿ ಆರ್‌ಸಿಬಿ ಜೆರ್ಸಿಗೂ ಪುಣ್ಯಸ್ನಾನ ಮಾಡಿಸಿದ್ದ.

ಅದೇ ಮನೆ, ಟೀವಿ ಮಾತ್ರ ದೊಡ್ಡದಾಗಿತ್ತು. ಅವನೀಗ ಲಗೇಜ್ ಆಟೋ ಓಡಿಸುತ್ತಾನೆ. ಆಟೋ ನಿಲ್ಲಿಸಿ ಬಂದ. ಬಂದವನು ಜಗುಲಿ ಹತ್ತಲಿಲ್ಲ. ನಾನು ಎದ್ದು ಹೊರಗೆ ಹೋಗಿ "ಬಾರೋ ಒಳಕ್ಕೆ" ಅಂದೆ.

"ಬ್ಯಾಡ ಬುಡು" ಅಂದ. "ಹದ್ನೆಂಟು ವರ್ಷ ಆಗದೆ. ನನ್ನಿಂದ ಯಾಕೆ ಕೆಡಬೇಕು? ಇಲ್ಲಿಂದ್ಲೂ ಕೇಳುಸ್ತದೆ."

ಯಾರೂ ಅವನನ್ನು ತಡೆದಿರಲಿಲ್ಲ. ತಡೆಯೋ ಕೆಲಸ ಈಗ ಅವನೇ ಮಾಡಿಕೊಳ್ಳುತ್ತಿದ್ದ.

ಆರು ರನ್ನಿನಿಂದ ಗೆದ್ದೆವು. 2009ರ ಮೊದಲ ಫೈನಲ್ಲಿನಲ್ಲಿ ಸೋತದ್ದೂ ಆರೇ ರನ್ನು. ಕುಣಿದೆವು, ಅತ್ತೆವು, ಪಟಾಕಿ ಹೊಡೆದೆವು. ಒಬ್ಬ ಓಡಿ ಹೋಗಿ ಅವನನ್ನು ತಬ್ಬಿಕೊಂಡು ಅಂದ: "ನೀನು ಆಚೆ ನಿಂತಿದ್ದಕ್ಕೇ ಗೆದ್ದಿದ್ದು ಕಣ್ಲಾ!" ಅವನ ಮುಖದಲ್ಲಿ ಎಂಥ ಸಂತೋಷ. ತಂಡದ ಗೆಲುವಿಗೆ ತಾನೂ ಏನೋ ಕೊಟ್ಟೆ ಅನ್ನೋ ಸಂತೋಷ. ಅದನ್ನು ಕಂಡು ನನಗೆ ಊಟ ಸೇರಲಿಲ್ಲ. ನೀವು ಹೊರಗಿರೋದರಿಂದಲೇ ಊರು ಚೆನ್ನಾಗಿದೆ ಅಂತ ನಮ್ಮ ಅಜ್ಜಂದಿರನ್ನು ನಂಬಿಸಿದ್ದೂ ಹೀಗೇ ಇರಬೇಕು.

ಲೆಕ್ಕ ನೋಡಿ ಗೆಳೆಯರೇ. 2016ರಲ್ಲಿ ಅವನು ಒಳಗೆ ಬಂದಾಗ ಬಿದ್ದದ್ದು ಒಂದು ವಿಕೆಟ್. ಅವನನ್ನು ಹೊರಗೆ ಕಳಿಸಿದ ಮೇಲೆ ಬಿದ್ದದ್ದು ಆರು. 2017ರಲ್ಲಿ ಅವನು ಹೊರಗಿದ್ದಾಗಲೇ ಕೋಲ್ಕತ್ತಾದಲ್ಲಿ ತಂಡ 49ಕ್ಕೆ ಆಲೌಟ್ ಆಯಿತು. ಆ ವರ್ಷವೂ 2019ರಲ್ಲೂ ಪಟ್ಟಿಯಲ್ಲಿ ಕಟ್ಟಕಡೆಗೆ ನಿಂತಿತು. 2020, 2021, 2022, 2024ರಲ್ಲಿ ಪ್ಲೇಆಫ್‌ವರೆಗೂ ಬಂದು ಸೋತಿತು. ಆಗೆಲ್ಲ ಅವನು ಹೊರಗೇ ಇದ್ದ. ಅದ್ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಒಂದು ಸಲ ತಾಳೆಯಾದದ್ದು ಪುರಾವೆ ಆಯಿತು, ಹತ್ತು ಸಲ ತಾಳೆಯಾಗದ್ದು ಮರೆತುಹೋಯಿತು. 1948ರಲ್ಲಿ ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಪಾರಿವಾಳಗಳನ್ನು ಗೂಡಿನಲ್ಲಿಟ್ಟು, ಅವು ಏನೇ ಮಾಡಲಿ ಮಾಡದಿರಲಿ, ಇಂತಿಷ್ಟು ಹೊತ್ತಿಗೊಮ್ಮೆ ಕಾಳು ಬೀಳುವಂತೆ ಮಾಡಿದ. ಕಾಳು ಬಿದ್ದಾಗ ಕತ್ತು ತಿರುಗಿಸುತ್ತಿದ್ದ ಪಾರಿವಾಳ ಆಮೇಲೆ ಕತ್ತು ತಿರುಗಿಸುತ್ತಲೇ ಇತ್ತಂತೆ. ನಾವೂ ಹಂಗೇ. ವ್ಯತ್ಯಾಸ ಒಂದೇ. ಪಾರಿವಾಳ ತನ್ನ ಕತ್ತು ತಿರುಗಿಸಿತು, ನಾವು ಇನ್ನೊಬ್ಬನ ಕತ್ತು ಹಿಡಿದು ನೂಕಿದೆವು.

ಮಾರನೇ ದಿನ, ಜೂನ್ 4ರಂದು, ಚಿನ್ನಸ್ವಾಮಿ ಮೈದಾನದ ಗೇಟುಗಳ ಬಳಿ ಕಾಲ್ತುಳಿತಕ್ಕೆ ಸಿಕ್ಕಿ ಹನ್ನೊಂದು ಜನ ಸತ್ತರು. ಹೆಚ್ಚಿನವರು ನಮ್ಮ ವಾರಿಗೆಯವರು, ನಮಗಿಂತ ಚಿಕ್ಕವರು. ನಮ್ಮ ಮಂಡ್ಯ ಜಿಲ್ಲೆಯ ಹುಡುಗನೂ ಇದ್ದ. ಕಪ್ ನಮ್ದೇ ಅಂತ ನಂಬಿ ಹೋದವರು ಗೇಟಿನ ಹೊರಗೆ ಸತ್ತರು. ಆ ವಾರವೆಲ್ಲ ನಾನು ಕೇಳಿದ ಮಾತು: "ದೃಷ್ಟಿ ತಗುಲ್ತು", "ಅವರ ಹಣೇಲಿ ಬರೆದಿತ್ತು". ಎಷ್ಟು ಜನ ಬರ್ತಾರೆ ಅಂತ ಎಣಿಸದೆ ಕರೆದವರು ಯಾರು, ಗೇಟು ಎಷ್ಟು ತೆರೆದಿತ್ತು, ಬಂದೋಬಸ್ತು ಏನಿತ್ತು, ಇವು ಲೆಕ್ಕ ಕೇಳೋ ಪ್ರಶ್ನೆಗಳು. ಹಣೆಬರಹ ಅಂದ ತಕ್ಷಣ ಲೆಕ್ಕ ಮುಚ್ಚಿಹೋಗುತ್ತೆ. ಮ್ಯಾನ್‌ಹೋಲಿನಲ್ಲಿ ನಮ್ಮವರು ಉಸಿರುಗಟ್ಟಿ ಸತ್ತಾಗಲೂ ಇದೇ ಹಣೆಬರಹ ಬಂದು ಬಾಯಿ ಮುಚ್ಚಿಸುತ್ತೆ. ಒಗೆಯದ ಅಂಗಿಯನ್ನು ನಾನು ಕ್ಷಮಿಸಬಲ್ಲೆ. ಇದನ್ನು ಕ್ಷಮಿಸಲಾರೆ.

*

ಹಾಸ್ಟೆಲ್ ಗೆಳೆಯರೇ, ಮ್ಯಾಚ್ ನೋಡಬೇಡಿ ಅಂತ ನಾನು ಹೇಳೋಲ್ಲ. ನೋಡಿ. ಜೆರ್ಸಿ ಒಗೆಯದಿದ್ದರೂ ಪರವಾಗಿಲ್ಲ, ಪಕ್ಕದವನು ತಡ್ಕೊಳ್ಳೋ ಹಾಗಿದ್ದರೆ ಸಾಕು. ಬೇಕಾದರೆ ಒಂದೇ ಕಾಲಲ್ಲಿ ನಿಂತು ನೋಡಿ. ನಾಲ್ಕು ಊರಿನ ಹುಡುಗರು ಒಂದಾಗೋದು ಚಳವಳಿಗೂ ಬೇಕಾದದ್ದೇ.

ಆದರೆ ಒಂದು ಕಟ್ಟಳೆ ಮಾಡಿಕೊಳ್ಳೋಣ. ನಮ್ಮ ರೂಮಿನಲ್ಲಿ ಯಾರಿಗೂ ಕಾಲ್ಗುಣದ ಮಾತು ಆಡಬಾರದು, ತಮಾಷೆಗೂ ಆಡಬಾರದು. ಯಾರನ್ನಾದರೂ ಹೊರಗೆ ನಿಲ್ಲಿಸಿದರೆ ಮ್ಯಾಚ್ ಬಂದ್. ಯಾರಾದರೂ ತಾವಾಗಿಯೇ ಹೊರಗೆ ನಿಂತಿದ್ದರೆ ಎದ್ದು ಹೋಗಿ ಕರೆತರಬೇಕು. ಒಂದು ಸಲ ಕರೆದು ಸುಮ್ಮನಾಗಬಾರದು. ನಾನು ಸುಮ್ಮನಾದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮುಂದಿನ ಮ್ಯಾಚಿಗೆ ನಾನು ಊರಿಗೆ ಹೋಗುತ್ತೇನೆ. ಅವನನ್ನು ಟೀವಿ ಎದುರಿಗೆ, ನಡುವೆ ಕೂರಿಸುತ್ತೇನೆ. ಅವನು ಬ್ಯಾಡ ಬುಡು ಅಂದರೆ ನಾನೂ ಹೊರಗೆ ಅವನ ಪಕ್ಕ ನಿಲ್ಲುತ್ತೇನೆ. ಒಳಗಿರುವವರು ಒಬ್ಬೊಬ್ಬರಾಗಿ ಎದ್ದು ಬರಲಿ. ಇಲ್ಲದಿದ್ದರೆ ಟೀವಿಯನ್ನೇ ಜಗುಲಿಗೆ ತರಲಿ. ತಂಡ ಸೋತರೆ ಸೋಲಲಿ, ಮತ್ತೊಂದು ವರ್ಷ ಬರುತ್ತೆ. ಹದಿನೆಂಟು ವರ್ಷ ಕಾದವರಿಗೆ ಇನ್ನೊಂದು ವರ್ಷ ದೊಡ್ಡದಲ್ಲ.

ಅವನು ಒಂಬತ್ತು ವರ್ಷ ಹೊರಗೆ ನಿಂತಿದ್ದಾನೆ. ಅವನನ್ನು ಇನ್ನು ಕಾಯಿಸಬಾರದು.